ಗಂಟು ಕಾಣುವ ಮಗ್ಗಲು

ಪ್ರೀತಿಯ ಈರಪ್ಪ ಕಾಕಾ,

ಮೊದಲ ಸಲ ಗೊಳಸಂಗಿಯಲ್ಲಿ ನಾನು ಬಣ್ಣದ ಡಬ್ಬಿ, ಬೆಲ್‌ಬಾಟಮ್ ಸಮೇತ ಬಸ್ಸಿಳಿದು ಬಂದಾಗ ನೀವು ಮಗ್ಗದಿಂದ ಏಳದೆಯೇ ಕೇಳಿದ್ದಿರಿ: ‘ಮಾಸ್ತರ, ಚಿತ್ರಾ ಆಮ್ಯಾಲೆ ನೇಯೂಣು. ಆ ಪ್ಯಾಂಟಿನ ಬುಡದಾಗ ಹೆಚ್ಚಾದ ಅರಬಿ ನಮಗ ಕೊಡ್ತೀರೇನು?’ ಜಮಖಾನಿ ನೇಯುವ ನಿಮಗೆ ಊರ ಮಠದ ಗೋಡೆಗೊಂದು ಶಿವಶರಣೆಯನ್ನು ನೇಯ್ದು ಕೊಡುವ ಆಸೆ. ಇಂಡಿ ಊರಿನ ಸಾಲಿಯ ಡ್ರಾಯಿಂಗ್ ಮಾಸ್ತರನಾದ ನನಗೆ, ನನ್ನ ಚಿತ್ರ ಸಾಲಿ ಗೋಡೆ ದಾಟಲಿ ಎಂಬ ಆಸೆ. ಒಂದು ಗೋಡೆ, ಎರಡು ಆಸೆ. ಕೆಡಲು ಇನ್ನೇನು ಬೇಕಿತ್ತು?

ನೇಯ್ದು ಮುಗಿದ ಶರಣೆಯನ್ನು ಮಗ್ಗದಿಂದ ಇಳಿಸಿ ತಿರುವಿದ ಗಳಿಗೆ ನೆನಪಿದೆಯೆ? ನೇಯುವಾಗ ನಿಮಗೆ ಎದುರಾಗಿದ್ದದ್ದು ಅದರ ಬೆನ್ನು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ ಹಾಸಿನ ಕೆಳಗೆ ನಾನಿಟ್ಟ ಚಿತ್ರದಲ್ಲಿ ಶರಣೆಯ ಎಡ ಅಂಗೈಯಲ್ಲಿದ್ದ ಇಷ್ಟಲಿಂಗ, ಮುಂಭಾಗದಲ್ಲಿ ಬಲಗೈಗೆ ಹೋಗಿ ಕೂತಿತ್ತು! ಚಿತ್ರ ತಿರುವಿ ಕೊಡಬೇಕೆಂದು ನನಗೂ ಹೊಳೆಯಲಿಲ್ಲ, ಕೇಳಬೇಕೆಂದು ನಿಮಗೂ. ಜಮಖಾನಿಯ ಪಟ್ಟೆಗೆ ಎಡ ಯಾವುದು, ಬಲ ಯಾವುದು? ಎಡಗೈಯದೇ ಎಡವಟ್ಟು. ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಒಂದೇ ಮಾತಿನಲ್ಲಿ ಮುಗಿಸಿದರು: ‘ಈರಪ್ಪಾ, ಲಿಂಗ ಬಲಗೈಯಾಗ ಹಿಡದು ಯಾರು ಪೂಜಿ ಮಾಡ್ತಾರೋ? ಗ್ವಾಡಿಗೆ ಹಾಕಾಕ ಬರೂದಿಲ್ಲ.’

‘ಹಿಂದಿನ ಮಗ್ಗಲಾ ಮುಂದ ಮಾಡೂಣಲ್ಲ?’ ಎಂದೆ. ನೀವು ಸಿಡಿದಿರಿ. ‘ಗಂಟು, ದಾರದ ತುದಿ ಎಲ್ಲಾ ಕಾಣತಾವ್ರಿ! ನೀವೇನು ಅಂಗಿ ತಿರುವಿ ಹಾಕ್ಕೊಂಡು ಸಾಲಿಗಿ ಹೋಗ್ತೀರಿ?’ ಹೊಸದಾಗಿ ನೇಯುವೆನೆಂದು ಹಾಸು ಹೂಡಿದಿರಿ. ಅಷ್ಟರಲ್ಲಿ ಜ್ವರ, ಆಮೇಲೆ… ನೀವೇ ಇಲ್ಲ. ಆ ಹಾಸು ಮಗ್ಗದ ಮೇಲೆ ಹಾಗೇ ಇದೆ.

ಈಗ ಸುದ್ದಿ. ಮೊನ್ನೆ ಗಂಗವ್ವ ಕಾಕಿ ನೀವು ನೇಯ್ದ ಆ ಶರಣೆಯನ್ನು ಬಿಸಿಲಿಗೆ ಹಾಕಿದ್ದಳು, ಮುಂಭಾಗದ ಬಣ್ಣ ಮಾಸಬಾರದೆಂದು ಬೆನ್ನು ಹೊರಗೆ ಮಾಡಿ. ಮಾತಾಡಿಸಿ ಹೋಗಲು ಬಂದ ಅಜ್ಜಾರು ಅಂಗಳದಲ್ಲೇ ನಿಂತರು. ‘ಎಡಗೈಯಾಗ ಐತಲ್ಲವಾ!’ ಕಾಕಿ ಓಡಿ ಕತ್ತರಿ ತಂದಳು. ‘ತುದಿ ಕತ್ತರಸ್ತೇನಿ ತಡೀರಿ ಅಜ್ಜಾರ, ಅವರ ಮಾನಾ ಹೋಗ್ತದ.’ ಅಜ್ಜಾರು ಕತ್ತರಿ ಇಸಿದುಕೊಂಡರು. ‘ಇರ್ಲಿ ಬಿಡವಾ. ಅವನ ಕೈ ಎಲ್ಲಿ ನಿಂತಿತ್ತು, ಎಲ್ಲಿ ಹೊಳ್ಳಿತ್ತು, ಕಾಣ್ಲಿ.’

ಸೋಮವಾರ ಮಠದ ಗೋಡೆಗೆ ಏರಿಸುತ್ತೇವೆ ಕಾಕಾ, ಗಂಟು ಸಮೇತ. ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ನಿಮ್ಮೊಬ್ಬರದೇ ಬೆನ್ನು ಮಂದಿಗೆ ಕಾಣುವುದು ನ್ಯಾಯವೂ ಅಲ್ಲ. ಅವತ್ತು ನಾನೂ ಅಂಗಿ ತಿರುವಿ ಹಾಕ್ಕೊಂಡು ಬರ್ತೇನಿ.

ನಿಮ್ಮ ಮಾಸ್ತರ