ಕೆಂಪು ಬಾಣದ ತುದಿಯಲ್ಲಿ ಅತ್ತೆ

ಮಂಗಳವಾರ, ೧೨ ಆಗಸ್ಟ್

ಹಾಳಾದ ಒಂದು ಸ್ಕ್ರೀನ್‌ಶಾಟ್! ಗುಬ್ಬಿಯ ಹಿರಿಯರಿಗೆ ಕಂಪ್ಯೂಟರಿನಲ್ಲಿ ವಿಡಿಯೋ ಕಾಲ್ ಕಲಿಸುವ ಪುಸ್ತಕಕ್ಕೆ ಚಿತ್ರಗಳನ್ನೆಲ್ಲ ನನ್ನ ವಾಟ್ಸಾಪಿನಿಂದಲೇ ತೆಗೆದಿದ್ದೆ. ಐದನೇ ಪುಟದಲ್ಲಿ ಅತ್ತೆಯ ಫೋಟೋ, ಪಕ್ಕದಲ್ಲಿ ನಾನು ಅವರ ನಂಬರಿಗೆ ಇಟ್ಟುಕೊಂಡ ಹೆಸರು: ‘ಶನಿ’. ಸಾಲದ್ದಕ್ಕೆ ಕೆಂಪು ಬಾಣ ಹಾಕಿ ‘ಇಲ್ಲಿ ಒತ್ತಿ’ ಎಂದು ಬರೆದಿದ್ದೇನೆ.

ಇವತ್ತು ತರಗತಿಯಲ್ಲಿ, ಕಲಿಯಲು ಬಂದಿದ್ದ ಅತ್ತೆಯೇ ಎದ್ದು ಅದನ್ನು ಗಟ್ಟಿಯಾಗಿ ಓದಿದರು. ಮುದುಕರೆಲ್ಲ ಬಿದ್ದುಬಿದ್ದು ನಕ್ಕರು. ಅತ್ತೆ ಅಳಲಿಲ್ಲ. ಅತ್ತಿದ್ದರೆ ನನಗೆ ಖುಷಿಯೇ ಆಗುತ್ತಿತ್ತು.

“ಹೆಸ್ರು ಬದ್ಲಾಯ್ಸೋದು ಹೆಂಗೆ, ತೋರ್ಸಮ್ಮ,” ಎಂದರು.

ಅವರ ಪಕ್ಕ ಕೂತೆ. ಅವರು ತಮ್ಮ ವಾಟ್ಸಾಪಿನಲ್ಲಿ ತೆರೆದದ್ದು ನನ್ನ ನಂಬರನ್ನು. ಅಲ್ಲಿದ್ದ ‘ಸೊಸೆ’ಯನ್ನು ನಿಧಾನವಾಗಿ ಅಳಿಸಿದರು.

“ಈಗ ‘ಶ’ ಎಲ್ಲೈತೆ?”

ಕಲಿಸುವವಳಲ್ಲವೇ, ಅವರ ಬೆರಳು ಹಿಡಿದು ತೋರಿಸಿದೆ.