ದುಂಡಪ್ಪನಿಗೊಂದು ದನಿ

ರಾಮದುರ್ಗ
ರವಿವಾರ, ೮ ಡಿಸೆಂಬರ್ ೨೦೨೪

ಪ್ರೀತಿಯ ತಂಗಿ ಪ್ರಜ್ಞಾ,

ಮೊದಲು ಒಂದು ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಇದನ್ನು ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಡಕ್ಕೂ ಒಳಗಾಗದೆ, ಒಂದು ತಾಟು ಚುರಮುರಿ ತಿಂದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಸಿನಿಮಾದ ಕೋಣಕ್ಕೆಂದು ನಾನು ಊರಲ್ಲಿ ಹುಡುಕಿ ಕಳಿಸಿದ ಧ್ವನಿಗಳಲ್ಲಿ ಶಂಕರೆಪ್ಪನವರದೂ ಒಂದಿತ್ತಲ್ಲ, ಬಸ್ ಸ್ಟ್ಯಾಂಡಿನ ನಿವೃತ್ತ ಕಂಟ್ರೋಲರ್, ಅವರನ್ನು ನಾನು ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಲ್ಲಿಸಿ ರೆಕಾರ್ಡ್ ಮಾಡಿದೆ. ಗಿರಣಿ ಬಂದ್ ಆಗಿತ್ತು. ನಾನೇ ಮನೆಯಿಂದ ಒಂದು ಡಬ್ಬಿ ಜೋಳ ಒಯ್ದು ಚಾಲೂ ಮಾಡಿಸಿದೆ. ನಿನಗೆ ಕೇಳಿಸಿದ ಗರಗರ ಅವರ ಗಂಟಲಿನದಲ್ಲ, ನಮ್ಮ ಜೋಳದ್ದು. ಹಿಟ್ ಆಗಬೇಕಾಗಿದ್ದ ಧ್ವನಿಯನ್ನು ನಾನು ಹಿಟ್ಟು ಮಾಡಿದೆ. ಮೇಲಿನ ನ್ಯಾಯಾಲಯ ನೀನೇ ಆಗಿರುವುದರಿಂದ ಶಿಕ್ಷೆಯನ್ನು ಕಡಿಮೆ ಮಾಡಬೇಕಾಗಿ ವಿನಂತಿ.

ಇರಲಿ, ನಿನ್ನ ಆರೋಗ್ಯ ಹೇಗಿದೆ? ದಿನವಿಡೀ ಚಿತ್ರ ಬರೆದು ಬಲ ಭುಜ ಹಿಡಿದುಕೊಂಡಿದೆ ಎಂದು ಅವ್ವನಿಗೆ ಹೇಳಿದೆಯಂತೆ. ಬಿಸಿನೀರಿನ ಶಾಖ ಕೊಡು, ಒಂದೆರಡು ದಿನ ಎಡಗೈಯಿಂದ ಊಟ ಮಾಡಿದರೂ ಪುಣೆಯಲ್ಲಿ ಯಾರೂ ಬೈಯುವುದಿಲ್ಲ. ಅಲ್ಲಿಯವರು ಸಾರಿಗೂ ಬೆಲ್ಲ ಹಾಕುತ್ತಾರೆಂದು ನಿನ್ನ ಅತ್ತಿಗೆ ಭಾಗೀರಥಿ ನಿನಗಾಗಿ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ. ಇಲ್ಲಿ ನಾವೆಲ್ಲ ಆರಾಮ. ನಿನ್ನ ಫೋಟೋ ಪೇಪರಿನಲ್ಲಿ ಬಂದ ದಿನದಿಂದ ಅವ್ವನ ಮೊಣಕಾಲು ನೋವು ಎತ್ತಲೋ ಓಡಿಹೋಗಿದೆ. ಪೇಪರು ಹಿಡಿದುಕೊಂಡು ಓಣಿಯ ಪ್ರತಿ ಕಟ್ಟೆಗೂ ಹೋಗಿ ಬಂದಳು. "ನಮ್ಮ ಪ್ರಜ್ಞಾ ಕೋಣದ ಮ್ಯಾಲ ಸಿನಿಮಾ ತಗ್ಯಾಕ ಹತ್ಯಾಳ" ಎಂದರೆ ಎದುರುಮನೆ ಪದ್ಮವ್ವ, "ಕೋಣಾ ಎಲ್ಲಿ ತಂದ್ರಿ, ಮುನವಳ್ಳಿ ಸಂತ್ಯಾಗೇನು?" ಎಂದು ಕೇಳಿದಳು. "ತಂದಿಲ್ಲವಾ, ಕೈಲೇ ಬರದಾಳ. ಬರದದ್ದ ಎದ್ದ ಓಡತೈತಿ." ಹೀಗೆ ಊರಿಗೆಲ್ಲ ಪ್ರಜ್ಞೆ ಬಂದಿದೆ. ತಪ್ಪುವುದು ನನ್ನದೊಂದು ಬಾಕಿ.

ಇಷ್ಟನ್ನೂ ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನೀನು ನಡುನಡುವೆ ನಗುತ್ತೀ. ಅದಕ್ಕೇ ಪತ್ರ. ವಿಷಯ ಏನೆಂದರೆ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿಲ್ಲ. ಇದನ್ನು ನಾನು ಭಾಗೀರಥಿಗೂ ಹೇಳಿದ್ದೇನೆ, ಕಾಲೇಜಿನ ಸ್ಟಾಫ್ ರೂಮಿನಲ್ಲೂ ಯಾರೂ ಕೇಳದೆ ಹೇಳಿದ್ದೇನೆ. ಹೊಟ್ಟೆಯಲ್ಲಿ ಆಗಾಗ ಉರಿಯುವುದು ನಿಜ, ಅದಕ್ಕೆ ಡಾಕ್ಟರು ಮಿರ್ಚಿ ಭಜಿ ಬಿಡಲು ಹೇಳಿದ್ದಾರೆ. ಆದರೆ ದಾಖಲೆಗೆ ಇರಲಿ ಎಂದು ಕೆಲವು ಸಂಗತಿಗಳನ್ನು ನೆನಪಿಸುತ್ತೇನೆ.

ಅಪ್ಪ ಬೈಲಹೊಂಗಲದ ಹತ್ತಿ ವ್ಯಾಪಾರಿಯ ಅಂಗಡಿಯಲ್ಲಿದ್ದ ಕಾಲದಲ್ಲಿ, ಪ್ರತಿ ತಿಂಗಳು ಆ ಮಕ್ಕಳ ಪತ್ರಿಕೆ ಬಂತೇ ಎಂದು ನೋಡಲು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದವನು ನಾನು. ಅದರಲ್ಲಿ "ಬಾಳ್ಯಾ ಮತ್ತು ದುಂಡಪ್ಪ" ಎಂಬ ಚಿತ್ರಕಥೆ ಇದೆ ಎಂದು ಕಂಡುಹಿಡಿದವನೂ ನಾನೇ. ನಿನಗೆ ಆಗ ಅಕ್ಷರ ಬರುತ್ತಿರಲಿಲ್ಲ. ನಾನು ಓದಿ ಹೇಳಿದ್ದರಿಂದ ನಿನಗೆ ಗೊತ್ತಾಯಿತು: ಕಿತ್ತೂರು ಕೋಟೆಯ ನಗಾರಿಯನ್ನು ಕಳ್ಳರು ಹೊತ್ತುಕೊಂಡು ಹೋದದ್ದು, ಬಾಳ್ಯಾ ಎಂಬ ಹುಡುಗ ತನ್ನ ಮಾತಾಡುವ ಕೋಣ ದುಂಡಪ್ಪನ ಬೆನ್ನೇರಿ ಸವದತ್ತಿಯ ಗುಡ್ಡ ಹತ್ತಿ ಇಳಿದು ಅವರನ್ನು ಅಟ್ಟಿಸಿಕೊಂಡು ಹೋದದ್ದು, ನವಿಲುತೀರ್ಥದ ಕಣಿವೆಯನ್ನು ದುಂಡಪ್ಪ ಒಂದೇ ನೆಗೆತಕ್ಕೆ ದಾಟಿದ್ದು. ಓಡುವವನು ದುಂಡಪ್ಪ, ಈಜುವವನು ದುಂಡಪ್ಪ, ಹಾರ ಬೀಳುವುದು ಬಾಳ್ಯಾನ ಕೊರಳಿಗೆ. ಅದಕ್ಕೆ ಪ್ರತಿ ಕಂತಿನ ಕೊನೆಯ ಚೌಕದಲ್ಲಿ ಕೋಣ ಹುಲ್ಲು ಮೆಲ್ಲುತ್ತ ಗೊಣಗುತ್ತಿತ್ತು. ನೀನು ಬಿದ್ದು ಬಿದ್ದು ನಗುತ್ತಿದ್ದದ್ದು ಆ ಚೌಕಕ್ಕೆ. ಅಂಗಳದಲ್ಲಿ ಆಟವಾಡುವಾಗ ನಾನು ಬಾಳ್ಯಾ, ನೀನು ದುಂಡಪ್ಪ, ಯಾಕೆಂದರೆ ನಾನು ದೊಡ್ಡವನು. ಆದರೆ ನನ್ನ ಭಾರ ನಿನ್ನ ಬೆನ್ನು ತಡೆಯುತ್ತಿರಲಿಲ್ಲ. ಹೀಗಾಗಿ ಜಗತ್ತಿನ ಸಾಹಸ ಕಥೆಗಳ ಇತಿಹಾಸದಲ್ಲಿ ಮೊದಲ ಬಾರಿಗೆ ವೀರನೇ ಕೋಣವನ್ನು ಹೊತ್ತುಕೊಂಡು ತಿರುಗಬೇಕಾಯಿತು.

ಈಗ ಸಿನಿಮಾದ ವಿಷಯ. ಆ ಚಿತ್ರಕಥೆ ಬರೆದ ಭೀಮಶಿ ಮಾಸ್ತರರು ಕಿತ್ತೂರಿನಲ್ಲೇ ಇದ್ದಾರೆಂದು ಪತ್ತೆ ಹಚ್ಚಿದ್ದು ನೀನು, ಒಪ್ಪಿದೆ. ಆದರೆ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು? ಮಾಸ್ತರರು ಮೊದಲು ಮುಖ ಕೊಡಲಿಲ್ಲ. ಹಿಂದೆ ಯಾರೋ ಸಿನಿಮಾದವರು ಬಂದು "ಕೋಣ ಬೇಡ, ಕುದುರೆ ಮಾಡೋಣ" ಎಂದಿದ್ದರಂತೆ, ಆ ಸಿಟ್ಟು ಇನ್ನೂ ಇತ್ತು. ನೀನು ಮಾತಾಡದೆ ಅವರ ಕಟ್ಟೆಯ ಮೇಲೆ ಇದ್ದಿಲಿನಿಂದ ದುಂಡಪ್ಪನನ್ನು ಬರೆದೆ, ಮುರಿದ ಎಡಗೋಡಿನ ಸಮೇತ. ಮುದುಕರ ಕಣ್ಣು ತುಂಬಿತು. "ನಮ್ಮ ದುಂಡಪ್ಪ ಇನ್ನೂ ಬದಕ್ಯಾನಲ್ಲವಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ "ಇವರು ಯಾರು?" ಎಂದು ಕೇಳಿದಾಗ ನೀನು ಏನು ಹೇಳಿದೆ ಎಂಬುದು ನಿನಗೆ ಮರೆತಿರಬಹುದು. "ನಮ್ಮಣ್ಣರೀ, ಗಾಡಿ ಹೊಡಕೊಂಡ ಬಂದಾನ." ಮಾಸ್ತರರು ಒಳಗೆ ಕೂಗಿ, "ಡ್ರೈವರಗೂ ಒಂದ ಕಪ್ ಚಾ ಕೊಡ್ರಿ" ಎಂದರು. ಪದವಿ ಕಾಲೇಜಿನಲ್ಲಿ ಹಳಗನ್ನಡ ಕಲಿಸುವ ಮನುಷ್ಯ ಆ ಚಹಾವನ್ನು ಹೊರಗೆ ಗಾಡಿಗೆ ಒರಗಿ ನಿಂತು ಕುಡಿದ. ಚಹಾ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಬರುವ ದಾರಿಯಲ್ಲಿ ಇನ್ನೊಂದು ಸುದ್ದಿ ಕೊಟ್ಟೆ. ಸಿನಿಮಾದಲ್ಲಿ ಬಾಳ್ಯಾ ಇರುವುದಿಲ್ಲ, ಬಾಳವ್ವ ಎಂಬ ಹುಡುಗಿ ಇರುತ್ತಾಳೆ, ಮಾಸ್ತರರು ಒಪ್ಪಿದ್ದಾರೆ, ಈಗಿನ ಕಾಲಕ್ಕೆ ಅದೇ ಸರಿ. ಸರಿಯೇ. ನನ್ನದೇನೂ ತಕರಾರಿಲ್ಲ. ನನ್ನ ಬಾಲ್ಯ ಹೋಗಿ ಯಾವ ಕಾಲವಾಯಿತು, ಈಗ ಬಾಳ್ಯಾನೂ ಹೋದ, ಅಷ್ಟೆ.

ಮಾಸ್ತರರ ಷರತ್ತು ಒಂದೇ, ದುಂಡಪ್ಪ ನಮ್ಮ ಕಡೆಯ ಮಾತನ್ನೇ ಆಡಬೇಕು. ಆಗ ನಿನಗೆ ಅಣ್ಣನ ನೆನಪಾಯಿತು. ಆ ಫೋನು ಬಂದಾಗ ನಾನು ಗಂಟಲು ಸರಿಮಾಡಿಕೊಂಡು ಕುಳಿತಿದ್ದೆ ಎಂಬುದನ್ನು ಈಗ ಹೇಳುತ್ತಿದ್ದೇನೆ. ನೀನು ಹೇಳಿದ್ದು: "ಅಣ್ಣಾ, ನಾಟಕದ ಮಂದಿ ಬ್ಯಾಡ. ಯಾರ ಮ್ಯಾಲರೆ ಖರೇನ ಹೊಟ್ಟಿಕಿಚ್ಚ ಇದ್ದಾವರನ್ನ ಹುಡುಕು. ಅವರಷ್ಟಕ್ಕ ಮಾತಾಡಲಿ, ನೀ ರೆಕಾರ್ಡ್ ಮಾಡಿ ಕಳಸು." ಅಂದರೆ ನನಗೆ ಕೊಟ್ಟ ಪಾತ್ರ ಫೋನು ಹಿಡಿಯುವವನದು.

ಹೊಟ್ಟೆಕಿಚ್ಚಿಗೆ ರಾಮದುರ್ಗದಲ್ಲಿ ಬರವೇ ಎಂದುಕೊಂಡು ಹೊರಟೆ. ನಮ್ಮ ಮಂದಿಯ ಸ್ವಭಾವ ನನಗೂ ಮರೆತಿತ್ತು. ಫೋನು ಮುಂದೆ ಹಿಡಿದರೆ ಸಾಕು, ಪ್ರತಿಯೊಬ್ಬರೂ ಸನ್ಮಾನ ಸಮಾರಂಭದ ವೇದಿಕೆ ಹತ್ತಿಬಿಡುತ್ತಾರೆ. ಸಂತೆಯಲ್ಲಿ ಮೊಸರು ಮಾರುವ ಸಿದ್ದಲಿಂಗವ್ವ ಪಕ್ಕದ ಗುರವ್ವನನ್ನು ಬೈಯದೆ ಒಂದು ಪಾವು ಮೊಸರನ್ನೂ ಅಳೆದವಳಲ್ಲ. ಫೋನು ಕಂಡದ್ದೇ ತಲೆಯ ಮೇಲೆ ಸೆರಗು ಎಳೆದುಕೊಂಡು, "ಎಲ್ಲಾರಿಗೂ ಶರಣು ಶರಣಾರ್ಥಿ. ಗುರವ್ವ ಅಂದ್ರ ನನಗ ಒಡಹುಟ್ಟಿದ ಅಕ್ಕ ಇದ್ದಂಗ" ಎಂದಳು. ಫೋನು ಕಿಸೆಗೆ ಹಾಕಿದ ಮೇಲೆ ತಗ್ಗಿದ ದನಿಯಲ್ಲಿ, "ಆಕಿ ಮಸರಾಗ ನೀರ ಬೆರಸ್ತಾಳ್ರೀ ಸರ, ಅದನ್ನ ತಗೋಬ್ಯಾಡ್ರಿ ಮತ್ತ" ಎಂದಳು. ಬೇಕಾದದ್ದು ಎಲ್ಲ ಕಡೆ ಹೀಗೆ ಕಿಸೆಗೆ ಹಾಕಿದ ಮೇಲೆಯೇ ಬಂತು. ಬಸ್ ಸ್ಟ್ಯಾಂಡಿನ ಮೈಕಿನಲ್ಲೇ ಆಯುಷ್ಯ ಕಳೆದ ಶಂಕರೆಪ್ಪನವರಿಗೆ ಮಾತ್ರ ಅಂಜಿಕೆ ಇರಲಿಲ್ಲ. ತಮ್ಮನ ಹೊಸ ಟ್ರ್ಯಾಕ್ಟರಿನ ಬಗ್ಗೆ ಅವರು ಎಷ್ಟು ಸೊಗಸಾಗಿ ಗೊಣಗಿದರೆಂದರೆ, ಇವರೇ ದುಂಡಪ್ಪ ಎಂದು ನನಗೆ ಖಾತ್ರಿಯಾಯಿತು. ಖಾತ್ರಿಯಾದದ್ದಕ್ಕೇ ಅವರನ್ನು ಚಹಾಕ್ಕೆ ಕರೆದು, "ಇನ್ನೊಮ್ಮೆ ಹೇಳ್ರಿ, ಇಲ್ಲೇ ಗಿರಣಿ ಕಡೆ ಗದ್ದಲ ಕಡಿಮಿ" ಎಂದೆ. ಮುಂದಿನದು ನ್ಯಾಯಾಲಯಕ್ಕೆ ಗೊತ್ತಿದೆ.

ಅದರ ಜೊತೆಗೇ ಮಾಳಪ್ಪ ಎಂಬುವರ ಧ್ವನಿ ಕಳಿಸಿದ್ದೆನಲ್ಲ, ಆ ಮಾಳಪ್ಪ ನಾನೇ. ಕನ್ನಡಿಯ ಮುಂದೆ ನಿಂತು ಮಾತ್ಸರ್ಯಕ್ಕೆ ಯಾವ ಸ್ವರ, ಎಲ್ಲಿ ಉಸಿರು ಎಂದೆಲ್ಲ ಗುರುತು ಹಾಕಿಕೊಂಡು ಮಾಡಿದ್ದು. ನೀನು ಹತ್ತು ನಿಮಿಷದಲ್ಲಿ ಉತ್ತರ ಕಳಿಸಿದೆ: "ಅಣ್ಣಾ, ಈ ಮಾಳಪ್ಪನವರಿಗೆ ನಮಸ್ಕಾರ ಹೇಳು. ಕೋಣ ಪಿಎಚ್‌ಡಿ ಮಾಡಿದಂಗ ಮಾತಾಡತೈತಿ." ಆ ದಿನ ನಾನು ಕಾಲೇಜಿಗೆ ರಜೆ ಹಾಕಿದೆ. ಕಾರಣ ಜ್ವರ ಎಂದು ಬರೆದೆ.

ಈಗ ಗುರುವಾರ ಬಂದ ನಿನ್ನ ಸಂದೇಶ. ಹೆಸರಿಲ್ಲದೆ ಬಂದ ಕೊನೆಯ ಧ್ವನಿಯನ್ನು ಕೇಳಿ ನಿಮ್ಮ ಸ್ಟುಡಿಯೋದವರೆಲ್ಲ ಕೆಲಸ ಬಿಟ್ಟು ಎದ್ದು ಬಂದರಂತೆ. ಭೀಮಶಿ ಮಾಸ್ತರರು ಕೆಮ್ಮು ಬರುವವರೆಗೆ ನಕ್ಕು, "ಇಂವನ ನೋಡವಾ ದುಂಡಪ್ಪ, ಇಂವನ್ನ ಬಿಡಬ್ಯಾಡ" ಎಂದರಂತೆ. ಅದರಲ್ಲಿ ಆ ಮನುಷ್ಯ ಅನ್ನುತ್ತಾನಲ್ಲ, "ಹಾರ ಆಕಿಗೆ, ಫೋಟೋ ಆಕೀದು. ನಾ ಏನು, ಹೊರಾಕ ಹುಟ್ಟೇನಿ. ಉಂಡ್ಯೇನಪಾ ಅಂತ ಒಬ್ಬರರೆ ಕೇಳ್ಯಾರೇನು?" ಆ ಮಾತನ್ನು ಸಿನಿಮಾದಲ್ಲಿ ಹಾಗೆಯೇ ಇಡುತ್ತೀಯಂತೆ. "ಯಾರಣ್ಣಾ ಇಂವಾ, ನಂಬರ ಕೊಡು" ಎಂದು ಕೇಳಿದ್ದೀ.

ತಂಗಿ, ನಂಬರು ನಿನ್ನ ಹತ್ತಿರ ಇದೆ. ಅದು ನಾನು. ಹೌದು, ನೀನು ಗಾಡಿ ಹೊಡೆಯುವವನೆಂದು ಪರಿಚಯಿಸಿದವನೇ. ಬಾಯಲ್ಲಿ ಏನೋ ಅಗಿಯುತ್ತ ಮಾತಾಡಿದಂತೆ ಕೇಳಿಸುತ್ತದಲ್ಲ, ಮೆಲುಕು ಹಾಕುವ ಪ್ರಾಣಿಯ ಸೂಕ್ಷ್ಮ ಅಧ್ಯಯನ ಅದು. "ಹುಟ್ಟೇನಿ" ಎಂಬಲ್ಲಿ ದನಿ ಒಡೆಯುವುದಕ್ಕೆ ಎಷ್ಟು ವರ್ಷದ ಸಾಧನೆ ಬೇಕೆಂದು ಅರಿತವರಿಗೆ ಗೊತ್ತು. ಮಾಳಪ್ಪನನ್ನು ಮುಂದೆ ಬಿಟ್ಟು ನಿಮ್ಮ ಕಿವಿಯನ್ನು ಪರೀಕ್ಷಿಸಿದೆ, ಆಮೇಲೆ ನನ್ನ ನಿಜವಾದ ಅಭಿನಯವನ್ನು ಹೆಸರಿಲ್ಲದೆ ಕಳಿಸಿ ಗೆದ್ದೆ. ನೀವು ಕ್ಯಾಮೆರಾ ಕೋನದ ಬಗ್ಗೆ ಯೋಚಿಸುವವರು, ನಾನು ಕೋಣವನ್ನೇ ಯೋಚಿಸಿದವನು. ಪಾತ್ರವನ್ನು ಒಪ್ಪಿಕೊಂಡಿದ್ದೇನೆ. ಪರದೆಯ ಮೇಲೆ ನನ್ನ ಹೆಸರು ಬಾಳವ್ವನ ಹೆಸರಿಗಿಂತ ಸಣ್ಣದಿರಬಾರದು. ಕಿತ್ತೂರಿನಲ್ಲಿ ಮಾಸ್ತರರ ಮುಂದೆ ನನ್ನನ್ನು ಮತ್ತೊಮ್ಮೆ, ಸರಿಯಾಗಿ, ಪರಿಚಯಿಸಬೇಕು. ಅಂದು ಚಹಾ ಒಳಗೆ ಕುಳಿತು ಕುಡಿಯುತ್ತೇನೆ.

ಅವ್ವ ನಿನಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದ್ದಾಳೆ. ಭಾಗೀರಥಿ ಕೇಳಿದ್ದಾಳೆ, ನಿನ್ನ ಸ್ಟುಡಿಯೋದ ಗೆಳತಿಯರಿಗೂ ಚಟ್ನಿ ಬೇಕೇ ಎಂದು. ಭುಜ ನೋಡಿಕೋ. ನಿನ್ನ ಕೈ ನೋಯದಿರಲಿ, ಬರೆದದ್ದೆಲ್ಲ ಎದ್ದು ಓಡಲಿ.

ಇತಿ ನಿನ್ನ ಅಣ್ಣ,
ಶಿವಲಿಂಗ
(ದುಂಡಪ್ಪನ ಪಾತ್ರಧಾರಿ)

ತಾ.ಕ.: ಲಕೋಟೆ ಅಂಟಿಸುವ ಮೊದಲು ಭಾಗೀರಥಿ ಪತ್ರ ಓದಿದಳು. "ಎಲ್ಲಾ ಚಂದ ಬರದೀರಿ. ಖರೇದು ಯಾವಾಗ ಬರೀತೀರಿ?" ಎಂದು ಪೆನ್ನು ಕೈಗೆ ಕೊಟ್ಟು ಎದುರಿಗೇ ಕುಳಿತಿದ್ದಾಳೆ, ಅದಕ್ಕೆ ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಕೊನೆಯ ಧ್ವನಿಯನ್ನು ನಾನು ಕಳಿಸಿರಲಿಲ್ಲ. ನಿನ್ನ ಫೋಟೋ ಪೇಪರಿನಲ್ಲಿ ಬಂದ ದಿನ ನಾನು ಊಟಕ್ಕೆ ಕುಳಿತು ಗೊಣಗುತ್ತಿದ್ದದ್ದನ್ನು ಈ ನಿಮ್ಮ ವೈನಿಯವರು ಉಪ್ಪಿನಕಾಯಿ ಭರಣಿಯ ಹಿಂದೆ ಫೋನು ಇಟ್ಟು ರೆಕಾರ್ಡ್ ಮಾಡಿಕೊಂಡು, ಉಳಿದ ಧ್ವನಿಗಳ ಹಿಂದೆಯೇ ನನ್ನ ಫೋನಿನಿಂದಲೇ ಕಳಿಸಿದ್ದಾರೆ. ನೀನು ಕೇಳಿದ್ದಂತೆಯೇ, ಅದರಲ್ಲಿ ಅಭಿನಯ ಇಲ್ಲ. ಬಾಯಲ್ಲಿ ಇದ್ದದ್ದು ಮೂರನೆಯ ರೊಟ್ಟಿ. "ಉಂಡ್ಯೇನಪಾ ಅಂತ ಒಬ್ಬರರೆ ಕೇಳ್ಯಾರೇನು" ಎನ್ನುವಾಗ ಅವಳು ನಾಲ್ಕನೆಯದನ್ನು ಬಡಿಸುತ್ತಿದ್ದಳು. "ಆಕಿ" ಎಂದದ್ದು ಬಾಳವ್ವನಿಗಲ್ಲ. ನಿನಗೆ. ಗುರುವಾರದಿಂದ ಅದೇ ಮಾತನ್ನು ಬಚ್ಚಲಲ್ಲಿ, ಗಾಡಿಯಲ್ಲಿ, ಕಪಾಟಿನ ಬಾಗಿಲೊಳಗೆ ತಲೆ ಇಟ್ಟು ಹೇಳಿ ನೋಡಿದೆ, ಪ್ರತಿ ಸಲವೂ ಮಾಳಪ್ಪನವರೇ ಬರುತ್ತಾರೆ. ಅದಕ್ಕೆ ಒಂದು ವಿನಂತಿ. ರೆಕಾರ್ಡಿಂಗಿಗೆ ಕರೆಸುವಾಗ ನನ್ನ ಹತ್ತಿರ ಪ್ರೀತಿಯಿಂದ ಮಾತಾಡಬೇಡ. ಹಿಂದಿನ ದಿನ ಫೋನು ಮಾಡಿ, ನಿನಗೆ ಯಾವುದೋ ದೊಡ್ಡ ಪ್ರಶಸ್ತಿ ಬಂದಿದೆ ಎಂದು ಹೇಳು. ಸುಳ್ಳಾದರೂ ನಡೆಯುತ್ತದೆ. ನಿಜವಾಗಿದ್ದರೆ ದನಿ ಇನ್ನೂ ಚೆನ್ನಾಗಿ ಬರುತ್ತದೆ.