ಲತಾಳ ತೊಂಬತ್ತೆಂಟು

ಚನ್ನರಾಯಪಟ್ಟಣ
21 ನವೆಂಬರ್ 2003

ಪ್ರೀತಿಯ ಮೈತ್ರೇಯಿ,

ಹಾಸನದಿಂದ ನೀನು ಕಳಿಸಿದ್ದ ಪ್ರಶ್ನಾವಳಿಯನ್ನು ನನ್ನ ಒಂಬತ್ತನೇ ತರಗತಿಯ ಮಕ್ಕಳಿಂದ ತುಂಬಿಸಿ ಇದರ ಜೊತೆಗೇ ಇಟ್ಟಿದ್ದೇನೆ. ಎಷ್ಟೋ ದೇಶಗಳಲ್ಲಿ ಹುಡುಗಿಯರು ಗಣಿತದಲ್ಲಿ ಹುಡುಗರಷ್ಟೇ ಅಂಕ ತೆಗೆದರೂ ತಮಗೆ ಬರುವುದಿಲ್ಲವೆಂದೇ ಹೇಳುತ್ತಾರೆ ಎಂದು ನೀನು ಬರೆದಿದ್ದೆ. ನನ್ನ ತರಗತಿಯಲ್ಲಿ ಹಾಗಿಲ್ಲವೆಂದು ತೋರಿಸುವ ಹುಮ್ಮಸ್ಸು ನನಗಿತ್ತು.

ನುಗ್ಗೇಹಳ್ಳಿಯಿಂದ ಬಸ್ಸಿನಲ್ಲಿ ಬರುವ ಲತಾ ಎಂಬ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತೆಗೆದಿದ್ದಳು. 'ನನಗೆ ಗಣಿತ ಚೆನ್ನಾಗಿ ಬರುತ್ತದೆ' ಎಂಬ ಸಾಲಿನ ಮುಂದೆ ಮಾತ್ರ 'ಇಲ್ಲ' ಎಂದು ಬರೆದಿದ್ದಳು. ಬಾರದವಳಿಗೆ ತೊಂಬತ್ತೆಂಟು ಎಲ್ಲಿಂದ ಬಂತು? ಪರೀಕ್ಷೆಯಲ್ಲಿ ಅದೇ ಬೆಂಚಿನಲ್ಲಿ ಕೂತಿದ್ದ ಸುನೀಲ್‌ಕುಮಾರನಿಗೆ ತೊಂಬತ್ತೇಳು. ಇಬ್ಬರ ಉತ್ತರಪತ್ರಿಕೆಗಳನ್ನೂ ಪಕ್ಕಪಕ್ಕ ಇಟ್ಟೆ. ರೇಖಾಗಣಿತದ ಕೊನೆಯ ಲೆಕ್ಕ ಸಾಲುಸಾಲಿಗೂ ಒಂದೇ. ಅನುಮಾನ ಗಟ್ಟಿಯಾಯಿತು.

ಲತಾಳ ಅಪ್ಪ ಹುಲಿಯಪ್ಪನನ್ನು ಕರೆಸಿದೆ. ಹೊಲದ ಕೆಲಸ ಬಿಟ್ಟು ಬಂದ ಆತ ನಿಂತೇ ಕೇಳಿಸಿಕೊಂಡ. "ಕದ್ದು ಬರೆಯಾಕೆ ಅಷ್ಟು ದೂರ ಬಸ್ಸತ್ತಿ ಬರಬೇಕಾ ಮೇಡಂ? ನಾಳಿಂದ ಕಳ್ಸಾಕಿಲ್ಲ ಬುಡಿ" ಅಂದ.

ಸ್ವಲ್ಪ ನಿಲ್ಲಿ ಎಂದು, ಲತಾಳನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, ಯಾವ ಪುಸ್ತಕದಲ್ಲೂ ಇಲ್ಲದ ಹೊಸದೊಂದು ಲೆಕ್ಕ ಕೊಟ್ಟೆ. ಹತ್ತು ನಿಮಿಷದಲ್ಲಿ ಮುಗಿಸಿದಳು. ಕೇಳದಿದ್ದರೂ ಇನ್ನೊಂದು ದಾರಿಯಲ್ಲೂ ಮಾಡಿ ತೋರಿಸಿದಳು. ಮತ್ತೆ 'ಇಲ್ಲ' ಅಂತ ಯಾಕೆ ಬರೆದೆ ಎಂದೆ.

"ಬತ್ತದೆ ಅಂದ್ರೆ ಎಂಗೆ ಬತ್ತದೆ ಅಂತ ಕೇಳ್ತಾರೆ ಮಿಸ್. ಬರಾಕಿಲ್ಲ ಅಂದ್ರೆ ಯಾರೂ ಏನೂ ಕೇಳಾಕಿಲ್ಲ ಅಂದ್ಕಂಡೆ."

ಹುಲಿಯಪ್ಪ ಬಾಗಿಲಲ್ಲೇ ನಿಂತಿದ್ದ. ಮಗಳು ಕದ್ದಿಲ್ಲವೆಂದು ಚೀಟಿಯಲ್ಲಿ ಬರೆದುಕೊಡಬೇಕು, ಮನೆಯಲ್ಲಿ ಅವರಮ್ಮನಿಗೆ ತೋರಿಸಬೇಕು ಎಂದು ಕೇಳಿದ. ಬರೆದು ಸಹಿ ಹಾಕಿದೆ. ಅವನು ಅದನ್ನು ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಮರುದಿನ ಲತಾ ಬಂದಳು. ಆದರೆ ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ನಿನ್ನ ವರದಿಯಲ್ಲಿ ಇದಕ್ಕೆ ಕಾಲಂ ಇದೆಯೇ?

ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದವಳು,
ಗಂಗಾಂಬಿಕೆ

ಬರೆಯದೆ ಮುಚ್ಚಿಡೋಣವೆಂದಿದ್ದೆ: ಸುನೀಲ್‌ಕುಮಾರನ ಅಪ್ಪನನ್ನು ನಾನು ಕರೆಸಲೇ ಇಲ್ಲ. ಅದೇ ಹೊಸ ಲೆಕ್ಕವನ್ನು ಇವತ್ತು ಬೆಳಿಗ್ಗೆ ಅವನಿಗೂ ಕೊಟ್ಟೆ. ಮೊದಲ ಸಾಲೂ ಬರಲಿಲ್ಲ. ಆಗಲೂ ನನಗೆ ಮೊದಲು ಹೊಳೆದದ್ದು, ಪಾಪ, ಹುಡುಗನಿಗೆ ಇವತ್ತು ಮೈ ಹುಷಾರಿಲ್ಲವೇನೋ ಎಂದು.